ಪುಸ್ತಕದ ರೋಹಿತ, ಪ್ರಯೋಗಾಲಯದ ರೋಹಿತ

ಬಿ.ಎಸ್‌ಸಿ. ಅಂತಿಮ ವರ್ಷದ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಬಗೆಯ ಪ್ರಶ್ನೆಯುಂಟು. ‘ಮೂರು ಕಾರ್ಬನ್, ಆರು ಹೈಡ್ರೋಜನ್, ಒಂದು ಆಮ್ಲಜನಕ ಪರಮಾಣುಗಳುಳ್ಳ ಸಂಯುಕ್ತವೊಂದರ ಅವಕೆಂಪು ರೋಹಿತದಲ್ಲಿ 1715ರ ಆಸುಪಾಸಿನಲ್ಲಿ ಪ್ರಬಲವಾದ ಪಟ್ಟಿಯಿದೆ. ಎನ್‌ಎಂಆರ್ ರೋಹಿತದಲ್ಲಿ 2.1ರ ಬಳಿ ಒಂದೇ ಒಂದು ಗೆರೆ ಕಾಣುತ್ತದೆ. ಆ ಸಂಯುಕ್ತ ಯಾವುದು?’ ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿ ಅರ್ಧ ನಿಮಿಷದಲ್ಲಿ ‘ಅಸಿಟೋನ್’ ಎಂದು ಬರೆಯುತ್ತಾನೆ. ಅಂಕವೂ ಪೂರ್ತಿ ಬರುತ್ತದೆ.

ಅದೇ ವಿದ್ಯಾರ್ಥಿಯ ಮುಂದೆ ಚೀಟಿ ಅಂಟಿಸದ ಒಂದು ಸೀಸೆಯನ್ನಿಟ್ಟು, ‘ಇದರೊಳಗೆ ಏನಿದೆ, ಕಂಡುಹಿಡಿ’ ಎಂದರೆ ಏನಾದೀತು? ಎಷ್ಟು ದ್ರವ ತೆಗೆಯಬೇಕು, ಯಾವುದರಲ್ಲಿ ಕರಗಿಸಬೇಕು, ಯಂತ್ರದ ಯಾವ ಬಾಗಿಲು ತೆರೆಯಬೇಕು, ಬಂದ ಹತ್ತು ಗೆರೆಗಳಲ್ಲಿ ಯಾವುದು ವಸ್ತುವಿನದು, ಯಾವುದು ಕೊಳೆಯದು? ಇದಾವುದೂ ಅವನಿಗೆ ತಿಳಿದಿರುವುದಿಲ್ಲ. ಏಕೆಂದರೆ ಮೂರು ವರ್ಷಗಳಲ್ಲಿ ಅವನು ನೋಡಿದ್ದೆಲ್ಲ ಪುಸ್ತಕದಲ್ಲಿ ಅಚ್ಚಾದ ರೋಹಿತ, ಕರಿಹಲಗೆಯ ಮೇಲೆ ಉಪನ್ಯಾಸಕರು ಸೀಮೆಸುಣ್ಣದಲ್ಲಿ ಎಳೆದ ರೋಹಿತ. ಸ್ವತಃ ತೆಗೆದದ್ದು ಒಂದೂ ಇಲ್ಲ.

ಇದು ವಿದ್ಯಾರ್ಥಿಯ ತಪ್ಪಲ್ಲ. ಉಪನ್ಯಾಸಕರದೂ ಅಲ್ಲ. ನಮ್ಮ ಬಹುಪಾಲು ಪದವಿ ಕಾಲೇಜುಗಳಲ್ಲಿ ರೋಹಿತಶಾಸ್ತ್ರ ಪಠ್ಯದಲ್ಲಿದೆ, ಪ್ರಯೋಗಾಲಯದಲ್ಲಿಲ್ಲ. ಅದನ್ನು ಪ್ರಯೋಗಾಲಯಕ್ಕೆ ತರುವುದು ಹೇಗೆ? ತಂದರೆ ಸಾಕೇ? ಈ ಎರಡು ಪ್ರಶ್ನೆಗಳು ಕಾಲೇಜಿನ ಆಡಳಿತ ಮಂಡಳಿಗೆ ಎಷ್ಟು ಮುಖ್ಯವೋ, ಮಗಳನ್ನೋ ಮಗನನ್ನೋ ವಿಜ್ಞಾನಕ್ಕೆ ಸೇರಿಸುವ ತಂದೆತಾಯಿಗೂ ಅಷ್ಟೇ ಮುಖ್ಯ.

ಬೆಳಕು ಕೇಳುವ ಪ್ರಶ್ನೆ

ರೋಹಿತಶಾಸ್ತ್ರ ಎಂದರೆ ಬೆಳಕಿನ ಮೂಲಕ ವಸ್ತುವನ್ನು ಮಾತನಾಡಿಸುವ ವಿದ್ಯೆ. ಪ್ರತಿಯೊಂದು ಅಣುವೂ ತನಗೆ ಒಗ್ಗುವ ಬೆಳಕನ್ನಷ್ಟೇ ಹೀರಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಯಾವುದನ್ನು ಹೀರಿತು, ಎಷ್ಟು ಹೀರಿತು ಎಂದು ಅಳೆದರೆ ಅಣುವಿನ ಗುರುತು ಸಿಕ್ಕುತ್ತದೆ.

ಇದರ ಆರಂಭ ಬಹಳ ಸರಳವಾಗಿತ್ತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಸಾಯನವಿಜ್ಞಾನಿ ಬುನ್‌ಸೆನ್ ಮತ್ತು ಭೌತವಿಜ್ಞಾನಿ ಕಿರ್ಖಾಫ್ ಜ್ವಾಲೆಯ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ನೋಡಿದರು. 1860ರಲ್ಲಿ ಖನಿಜಜಲದ ರೋಹಿತದಲ್ಲಿ ಅದುವರೆಗೆ ಯಾರೂ ಕಾಣದ ನೀಲಿ ಗೆರೆಗಳು ಕಂಡವು. ಅದೇ ಸೀಸಿಯಂ. ಮರುವರ್ಷ ಕೆಂಪು ಗೆರೆಗಳಿಂದ ರುಬಿಡಿಯಂ ಪತ್ತೆಯಾಯಿತು. ಕೈಗೆ ಸಿಗುವ ಮೊದಲೇ ಧಾತುಗಳು ಕಣ್ಣಿಗೆ ಸಿಕ್ಕಿದ್ದವು.

ನಮ್ಮ ದೇಶದ ಕಥೆ ಎಲ್ಲರಿಗೂ ಗೊತ್ತು. 1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು, ಮುಂದೆ ಇಲ್ಲಿಯೇ ನೆಲೆಸಿದರು. ಪಾದರಸದ ದೀಪ, ಬಣ್ಣದ ಸೋಸುಗಾಜು, ಕೈಯಲ್ಲಿ ಹಿಡಿಯುವ ರೋಹಿತದರ್ಶಕ, ಚಿತ್ರ ತೆಗೆಯಲು ಒಂದು ಪುಟ್ಟ ರೋಹಿತಲೇಖಿ. ಇನ್ನೂರು ರೂಪಾಯಿಯ ಉಪಕರಣದಿಂದ ಆದ ಸಾಧನೆ ಎಂದು ಇದನ್ನು ಇಂದಿಗೂ ಹೊಗಳುವುದುಂಟು.

ಈ ಹೊಗಳಿಕೆಯೇ ಕೆಲವೊಮ್ಮೆ ಕಾಲೇಜಿನ ಸಭೆಗಳಲ್ಲಿ ಅಡ್ಡಗಾಲಾಗುತ್ತದೆ. ‘ರಾಮನ್ ಇನ್ನೂರು ರೂಪಾಯಿಯಲ್ಲಿ ನೊಬೆಲ್ ತಂದರು, ನಿಮಗೇಕೆ ಹದಿನೈದು ಲಕ್ಷ?’ ಎಂಬ ಮಾತು ಕೇಳಿಬರುತ್ತದೆ. ಆದರೆ ರಾಮನ್ ಕಥೆಯಲ್ಲಿ ಕಲಿಯಬೇಕಾದದ್ದು ಬೆಲೆಯನ್ನಲ್ಲ. ಆ ರೋಹಿತದರ್ಶಕ ಅವರ ಮತ್ತು ಅವರ ಶಿಷ್ಯ ಕೆ.ಎಸ್. ಕೃಷ್ಣನ್ ಅವರ ಕೈಯಳತೆಯಲ್ಲೇ ಇತ್ತು. ಬೇಕೆಂದಾಗ ನೋಡಬಹುದಿತ್ತು, ಅನುಮಾನ ಬಂದರೆ ಮತ್ತೆ ನೋಡಬಹುದಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಇಲ್ಲದಿರುವುದು ಅದೇ.

ಯಾವ ಉಪಕರಣ, ಏನು ಉಪಯೋಗ?

ಪದವಿ ಕಾಲೇಜಿಗೆ ಸಂಬಂಧಿಸಿದಂತೆ ಮುಖ್ಯವಾದವು ಮೂರು.

ಮೊದಲನೆಯದು ನೇರಳಾತೀತ-ದೃಗ್ಗೋಚರ ರೋಹಿತಮಾಪಕ. ಪ್ರಯೋಗಾಲಯದ ಭಾಷೆಯಲ್ಲಿ ‘ಯುವಿ-ವಿಸಿಬಲ್’. ಸುಮಾರು 200ರಿಂದ 800 ನ್ಯಾನೊಮೀಟರಿನವರೆಗಿನ ಬೆಳಕನ್ನು ದ್ರಾವಣದ ಮೂಲಕ ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂದು ಅಳೆಯುತ್ತದೆ. ‘ಎಷ್ಟಿದೆ?’ ಎಂಬ ಪ್ರಶ್ನೆಗೆ ಇದು ಉತ್ತರ. ಕೆಲವು ಲಕ್ಷ ರೂಪಾಯಿಗಳಲ್ಲಿ ಬರುತ್ತದೆ, ಗಟ್ಟಿಯಾಗಿ ಬಾಳುತ್ತದೆ.

ಎರಡನೆಯದು ಅವಕೆಂಪು ರೋಹಿತಮಾಪಕ, ಅಂದರೆ ‘ಎಫ್‌ಟಿಐಆರ್’. ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನಂತೆ ಕಂಪಿಸುತ್ತವೆ, ಒಂದೊಂದು ಬಂಧಕ್ಕೆ ಒಂದೊಂದು ಕಂಪನ. ‘ಯಾವ ಬಗೆಯ ಬಂಧಗಳಿವೆ?’ ಎಂಬ ಪ್ರಶ್ನೆಗೆ ಇದು ಉತ್ತರ. ಹಿಂದೆ ವಸ್ತುವನ್ನು ಪೊಟ್ಯಾಸಿಯಂ ಬ್ರೋಮೈಡಿನೊಂದಿಗೆ ಅರೆದು, ಒತ್ತಿ, ಬಿಲ್ಲೆ ಮಾಡಿ ಇಡಬೇಕಾಗಿತ್ತು. ಬಿಲ್ಲೆ ಒಡೆದರೆ ಮತ್ತೆ ಮೊದಲಿನಿಂದ. ಈಗ ‘ಎಟಿಆರ್’ ಎಂಬ ಜೋಡಣೆಯಿದ್ದರೆ ಚಿಟಿಕೆ ಪುಡಿಯನ್ನು ಪುಟ್ಟ ವಜ್ರದ ಮೇಲಿಟ್ಟು ಒತ್ತಿದರೆ ಸಾಕು, ಒಂದು ನಿಮಿಷದಲ್ಲಿ ರೋಹಿತ ತೆರೆಯ ಮೇಲೆ ಬರುತ್ತದೆ. ಮೂವತ್ತು ವಿದ್ಯಾರ್ಥಿಗಳ ತಂಡ ಒಂದೇ ಮಧ್ಯಾಹ್ನದಲ್ಲಿ ತಮ್ಮ ತಮ್ಮ ವಸ್ತುಗಳನ್ನು ಪರೀಕ್ಷಿಸಬಹುದು. ಪದವಿ ಕಾಲೇಜಿಗೆ ಇದಕ್ಕಿಂತ ಒಪ್ಪುವ ಸಾಧನ ಕಡಿಮೆ.

ಮೂರನೆಯದು ಎನ್‌ಎಂಆರ್. ಬಲವಾದ ಕಾಂತದ ನಡುವೆ ವಸ್ತುವನ್ನಿಟ್ಟು ರೇಡಿಯೋ ಅಲೆಗಳಿಂದ ಪರಮಾಣು ಬೀಜಗಳನ್ನು ಮಾತನಾಡಿಸುವ ವಿಧಾನ. ‘ಅಣುವಿನ ಕಟ್ಟಡ ಹೇಗಿದೆ?’ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾಗಿ ಉತ್ತರಿಸುವ ಸಾಧನ ಸಾವಯವ ರಸಾಯನಶಾಸ್ತ್ರದಲ್ಲಿ ಇನ್ನೊಂದಿಲ್ಲ. ಬ್ಲಾಕ್ ಮತ್ತು ಪರ್ಸೆಲ್ ಇದಕ್ಕಾಗಿ 1952ರಲ್ಲಿ ನೊಬೆಲ್ ಪಡೆದರು. ಆಸ್ಪತ್ರೆಯ ಎಂಆರ್‌ಐ ಸ್ಕ್ಯಾನ್ ಎಲ್ಲ ಪೋಷಕರಿಗೂ ಗೊತ್ತು. ಅದೂ ಇದೇ ತತ್ವದ ಕೂಸು.

ಆಸ್ಪಿರಿನ್ ಕಲಿಸುವ ಪಾಠ

ಈ ಯಂತ್ರಗಳು ಬಂದರೆ ಕಲಿಕೆಯಲ್ಲಿ ಏನು ಬದಲಾಗುತ್ತದೆ? ಪದವಿ ಪ್ರಯೋಗಾಲಯದ ಹಳೆಯ ಪ್ರಯೋಗವೊಂದನ್ನೇ ನೋಡೋಣ. ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟಿಕ್ ಅನ್‌ಹೈಡ್ರೈಡ್ ಬೆರೆಸಿ, ನಾಲ್ಕು ಹನಿ ಆಮ್ಲ ಹಾಕಿ ಬಿಸಿ ಮಾಡಿದರೆ ಆಸ್ಪಿರಿನ್. ಸೋಸಿ, ತೊಳೆದು, ಒಣಗಿಸಿ, ತೂಕ ಬರೆದು, ದ್ರವನಬಿಂದು ನೋಡಿ, ಫೆರಿಕ್ ಕ್ಲೋರೈಡ್ ಹನಿ ಹಾಕಿ ನೇರಳೆ ಬಣ್ಣ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡರೆ ದಾಖಲೆ ಪುಸ್ತಕಕ್ಕೆ ಸಹಿ ಬೀಳುತ್ತದೆ. ಅಲ್ಲಿಗೆ ಪ್ರಯೋಗ ಮುಗಿಯಿತು.

ಅದೇ ಪುಡಿಯನ್ನು ಅವಕೆಂಪು ಉಪಕರಣದಲ್ಲಿಟ್ಟರೆ ಸುಮಾರು 1750 ಮತ್ತು 1690ರ ಬಳಿ ಎರಡು ಪಟ್ಟಿಗಳು ಕಾಣುತ್ತವೆ. ಒಂದು ಎಸ್ಟರಿನದು, ಇನ್ನೊಂದು ಆಮ್ಲದ್ದು. ಸ್ಯಾಲಿಸಿಲಿಕ್ ಆಮ್ಲದ ಫೀನಾಲ್ ಗುಂಪಿನ ಪಟ್ಟಿ ಕಾಣೆಯಾಗಿರುತ್ತದೆ. ಎನ್‌ಎಂಆರ್‌ನಲ್ಲಿಟ್ಟರೆ 2.3ರ ಬಳಿ ಆಸ್ಪಿರಿನ್ನಿನ ಮೀಥೈಲ್ ಗುಂಪಿನ ಗೆರೆ ನಿಲ್ಲುತ್ತದೆ. ಅದರ ಪಕ್ಕದಲ್ಲೇ 2.1ರ ಬಳಿ ಒಂದು ಪುಟ್ಟ ಗೆರೆ! ಪುಸ್ತಕದ ಚಿತ್ರದಲ್ಲಿ ಅದಿಲ್ಲ. ಎಲ್ಲಿಂದ ಬಂತು? ತಣ್ಣೀರಿನಲ್ಲಿ ತೊಳೆಯುವಾಗ ಅವಸರ ಮಾಡಿದ್ದರಿಂದ ಉಳಿದುಕೊಂಡ ಅಸಿಟಿಕ್ ಆಮ್ಲ ಅದು.

ವಿದ್ಯಾರ್ಥಿನಿಯೊಬ್ಬಳು ಅದನ್ನು ತಾನೇ ಕಂಡು, ಇನ್ನೊಮ್ಮೆ ತೊಳೆದು, ಮತ್ತೆ ರೋಹಿತ ತೆಗೆದು, ಆ ಗೆರೆ ಮಾಯವಾದುದನ್ನು ನೋಡಿದಳೆಂದರೆ, ಆ ಒಂದು ಗಂಟೆಯಲ್ಲಿ ಅವಳು ಕಲಿತದ್ದು ಹತ್ತು ಉಪನ್ಯಾಸಗಳಿಗೆ ಸಮ. ಪುಸ್ತಕದ ರೋಹಿತ ಎಂದೂ ತಪ್ಪು ಮಾಡುವುದಿಲ್ಲ. ಪ್ರಯೋಗಾಲಯದ ರೋಹಿತ ತಪ್ಪನ್ನು ತೋರಿಸುತ್ತದೆ, ತಿದ್ದಿಕೊಳ್ಳಲು ದಾರಿಯನ್ನೂ ತೋರಿಸುತ್ತದೆ. ಸಂಶೋಧನೆ ಎಂಬ ದೊಡ್ಡ ಮಾತು ಹುಟ್ಟುವುದು ಇಂಥ ಪುಟ್ಟ ಗೆರೆಯಿಂದ.

ಈ ಮಾತನ್ನು ಅಮೆರಿಕದ ರಸಾಯನಶಾಸ್ತ್ರಜ್ಞರ ಸಂಘ, ಅಮೆರಿಕನ್ ಕೆಮಿಕಲ್ ಸೊಸೈಟಿ, ನಿಯಮವಾಗಿಯೇ ಬರೆದಿಟ್ಟಿತು. ಪದವಿ ಮಟ್ಟದ ರಸಾಯನಶಾಸ್ತ್ರ ವಿಭಾಗಗಳಿಗೆ ಮಾನ್ಯತೆ ನೀಡುವ ಈ ಸಂಘದ 2008ರ ಮಾರ್ಗಸೂಚಿಯ ಪ್ರಕಾರ, ಮಾನ್ಯತೆ ಬೇಕೆನ್ನುವ ವಿಭಾಗದಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರುವ ಎನ್‌ಎಂಆರ್ ಇರಲೇಬೇಕು. ಅಷ್ಟೇ ಅಲ್ಲ, ಪಾಠದಲ್ಲಿಯೂ ಸಂಶೋಧನೆಯಲ್ಲಿಯೂ ಅದನ್ನು ಪದವಿ ವಿದ್ಯಾರ್ಥಿಗಳೇ ಬಳಸುತ್ತಿರಬೇಕು. ‘ಕೆಲಸ ಮಾಡುವ’ ಮತ್ತು ‘ವಿದ್ಯಾರ್ಥಿಗಳೇ ಬಳಸುವ’ ಎಂಬ ಎರಡು ಷರತ್ತುಗಳನ್ನು ಗಮನಿಸಬೇಕು. ಯಂತ್ರ ಇದ್ದರೆ ಮಾತ್ರ ಸಾಲದು.

ಕೊಳ್ಳುವುದು ಸುಲಭ, ಸಾಕುವುದು ಕಷ್ಟ

ಹಣದ ದಾರಿ ಇಲ್ಲಿಯೂ ಇಲ್ಲದೇ ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2000ದಲ್ಲಿ ‘ಫಿಸ್ಟ್’ ಯೋಜನೆ ತಂದಿತು. ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಪದವಿ ಕಾಲೇಜುಗಳಿಗೆಂದೇ ‘ಸ್ಟಾರ್ ಕಾಲೇಜು’ ಯೋಜನೆ ಆರಂಭಿಸಿತು. ಕರ್ನಾಟಕದ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಸಮಿತಿ ‘ಕೆ-ಫಿಸ್ಟ್’ ಹೆಸರಿನಲ್ಲಿ ನೆರವು ನೀಡಿತು. ಇಂಥ ನೆರವಿನಿಂದ ನಮ್ಮ ರಾಜ್ಯದ ಎಷ್ಟೋ ಕಾಲೇಜುಗಳಿಗೆ ಒಳ್ಳೆಯ ಉಪಕರಣಗಳು ಬಂದಿವೆ.

ಕಷ್ಟ ಶುರುವಾಗುವುದು ಅನಂತರ. ಅನುದಾನ ಯಂತ್ರಕ್ಕೆ ಸಿಗುತ್ತದೆ. ಯಂತ್ರದ ಕೋಣೆಗೆ, ವಿದ್ಯುತ್ತಿಗೆ, ದುರಸ್ತಿಗೆ, ನಡೆಸುವ ಮನುಷ್ಯನಿಗೆ ಸಿಗುವುದು ಅಪರೂಪ. ಎಫ್‌ಟಿಐಆರ್ ಉಪಕರಣದ ಒಳಗಿನ ಕೆಲವು ಭಾಗಗಳನ್ನು ಸಾಮಾನ್ಯವಾಗಿ ಪೊಟ್ಯಾಸಿಯಂ ಬ್ರೋಮೈಡಿನಿಂದ ಮಾಡಿರುತ್ತಾರೆ. ಅದು ಉಪ್ಪಿನಂಥ ವಸ್ತು, ಗಾಳಿಯ ತೇವವನ್ನು ಹೀರಿ ಮಸುಕಾಗುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲ ಅದಕ್ಕೆ ಶತ್ರು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿಟ್ಟು, ತೇವ ಹೀರುವ ಸಿಲಿಕಾ ಹರಳುಗಳ ಬಣ್ಣ ಬದಲಾದುದನ್ನು ಯಾರೂ ನೋಡದಿದ್ದರೆ ಒಂದೆರಡು ಮಳೆಗಾಲದಲ್ಲಿ ಯಂತ್ರದ ದೃಷ್ಟಿ ಮಂಜಾಗುತ್ತದೆ. ಬೇಸಿಗೆ ರಜೆಯಲ್ಲಿ ಬೀಗ ಹಾಕಿಟ್ಟ ಕೋಣೆ, ಏರಿಳಿಯುವ ವಿದ್ಯುತ್ತು, ಇಲಿ ಕಡಿದ ತಂತಿ, ಇವು ಉಳಿದ ಕೆಲಸ ಮುಗಿಸುತ್ತವೆ.

ದೊಡ್ಡ ಎನ್‌ಎಂಆರ್ ಅಂತೂ ನಿಜವಾದ ಆನೆ. 400 ಮೆಗಾಹರ್ಟ್ಸಿನ ಯಂತ್ರದ ಕಾಂತ ಅತಿವಾಹಕ ಸುರುಳಿಯದು. ಅದು ಸದಾ ದ್ರವ ಹೀಲಿಯಂನಲ್ಲಿ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಳುಗಿರಬೇಕು. ಅದರ ಸುತ್ತ ದ್ರವ ನೈಟ್ರೋಜನ್. ಬಳಸಲಿ ಬಿಡಲಿ, ಎರಡನ್ನೂ ಕಾಲಕಾಲಕ್ಕೆ ತುಂಬುತ್ತಲೇ ಇರಬೇಕು. ಬಿಟ್ಟರೆ ಸುರುಳಿ ಬಿಸಿಯಾಗಿ, ಉಳಿದ ಹೀಲಿಯಂ ಎಲ್ಲ ಆವಿಯಾಗಿ ಹೋಗುತ್ತದೆ. ನಮ್ಮ ದೇಶಕ್ಕೆ ಹೀಲಿಯಂ ಬಹುಪಾಲು ಹೊರಗಿನಿಂದ ಬರಬೇಕು, 2022ರಲ್ಲಿ ಜಗತ್ತಿನಾದ್ಯಂತ ಅದರ ಅಭಾವವೂ ಕಾಡಿತು. ಯಂತ್ರದ ಬೆಲೆಯೇ ಕೋಟಿಗಳ ಲೆಕ್ಕ. ಅದರ ಮೇಲೆ ಈ ಮೇವಿನ ಖರ್ಚು ಪದವಿ ಕಾಲೇಜಿಗೆ ಎಟಕುವಂಥದಲ್ಲ.

ಹಾಗೆಂದು ಎನ್‌ಎಂಆರ್ ಆಸೆಯನ್ನೇ ಬಿಡಬೇಕಿಲ್ಲ. ಶಾಶ್ವತ ಕಾಂತದಿಂದ ನಡೆಯುವ, ಮೇಜಿನ ಮೇಲೆ ಕೂರುವ 60ರಿಂದ 100 ಮೆಗಾಹರ್ಟ್ಸಿನ ಸಣ್ಣ ಯಂತ್ರಗಳು ಈಗ ದೊರೆಯುತ್ತವೆ. ಹೀಲಿಯಂ ಬೇಡ, ನೈಟ್ರೋಜನ್ ಬೇಡ. ಬೆಲೆ ಹತ್ತಾರು ಲಕ್ಷವಾದರೂ ಮೇವಿನ ಚಿಂತೆಯಿಲ್ಲ. 1961ರಲ್ಲಿ ಬಂದು ಸಾವಯವ ರಸಾಯನಶಾಸ್ತ್ರದ ದಿಕ್ಕನ್ನೇ ಬದಲಿಸಿದ ವೇರಿಯನ್ ‘ಎ-60’ ಕೂಡ 60 ಮೆಗಾಹರ್ಟ್ಸಿನದೇ ಆಗಿತ್ತು. ಆಸ್ಪಿರಿನ್ನಿನ ಆ ಪುಟ್ಟ ಗೆರೆಯನ್ನು ತೋರಿಸಲು ಅಷ್ಟು ಧಾರಾಳವಾಗಿ ಸಾಕು.

ಆದ್ದರಿಂದ ಕೊಳ್ಳುವ ಮುಂಚೆ ಕೇಳಬೇಕಾದದ್ದು ‘ಅತ್ಯಂತ ದೊಡ್ಡ ಯಂತ್ರ ಯಾವುದು?’ ಎಂದಲ್ಲ. ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳ ಕೈಗೆ ಸಿಗುತ್ತದೆ, ಖಾತರಿಯ ಅವಧಿ ಮುಗಿದ ಮೇಲೆ ದುರಸ್ತಿಯ ಒಪ್ಪಂದಕ್ಕೆ ಹಣ ಎಲ್ಲಿದೆ, ಇಂಜಿನಿಯರ್ ಯಾವ ಊರಿನಿಂದ ಬರಬೇಕು, ಯಂತ್ರ ನೋಡಿಕೊಳ್ಳುವ ಉಪನ್ಯಾಸಕರಿಗೆ ವರ್ಗವಾದರೆ ಅದನ್ನು ಬಲ್ಲ ಇನ್ನೊಬ್ಬರು ಯಾರು? ಈ ನಾಲ್ಕಕ್ಕೆ ಉತ್ತರವಿಲ್ಲದೆ ಕೊಂಡ ಯಂತ್ರ ಹೊದಿಕೆಯೊಳಗೇ ಮುದಿಯಾಗುತ್ತದೆ. ಕೆಟ್ಟೀತೆಂಬ ಭಯದಿಂದ ವಿದ್ಯಾರ್ಥಿಗಳನ್ನು ಹತ್ತಿರ ಬಿಡದ ಯಂತ್ರವೂ ಅಷ್ಟೇ. ದೇವರ ಕೋಣೆಯಲ್ಲಿಟ್ಟ ನೇಗಿಲಿನಿಂದ ಉಳುಮೆ ಆಗುವುದಿಲ್ಲ.

ಹಂಚಿಕೊಳ್ಳುವ ದಾರಿ

ಎಲ್ಲವನ್ನೂ ಎಲ್ಲರೂ ಕೊಳ್ಳಬೇಕಾಗಿಯೂ ಇಲ್ಲ. 1970ರ ದಶಕದಲ್ಲೇ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ದೇಶದ ಕೆಲವೆಡೆ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ಸ್ಥಾಪಿಸಿತು. ಈಗ ಅವಕ್ಕೆ ‘ಸೈಫ್’ ಎಂಬ ಹೆಸರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಥ ಕೇಂದ್ರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಕೇಂದ್ರ ದೇಶದ ಹಳೆಯ ಕೇಂದ್ರಗಳಲ್ಲೊಂದು. ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ ಸಮಯ ಕಾಯ್ದಿರಿಸಲು ‘ಐ-ಸ್ಟೆಮ್’ ಎಂಬ ರಾಷ್ಟ್ರೀಯ ವ್ಯವಸ್ಥೆಯನ್ನು 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಉದ್ಘಾಟಿಸಲಾಯಿತು.

ಇದರಲ್ಲೂ ಒಂದು ಎಚ್ಚರ ಬೇಕು. ಸೀಸೆಯನ್ನು ಅಂಚೆಯಲ್ಲಿ ಕಳಿಸಿ, ಹದಿನೈದು ದಿನಗಳ ಅನಂತರ ಹಾಳೆಯೊಂದನ್ನು ಪಡೆದರೆ ಫಲಿತಾಂಶ ಸಿಗುತ್ತದೆ, ಅನುಭವ ಸಿಗುವುದಿಲ್ಲ. ನಿತ್ಯದ ಕೆಲಸಕ್ಕೆ ಯುವಿ-ವಿಸಿಬಲ್ ಮತ್ತು ಎಫ್‌ಟಿಐಆರ್ ಕಾಲೇಜಿನಲ್ಲೇ ಇದ್ದು, ದೊಡ್ಡ ಎನ್‌ಎಂಆರ್‌ಗೆ ಮಾತ್ರ ವಿದ್ಯಾರ್ಥಿಗಳನ್ನೇ ಕರೆದುಕೊಂಡು ಕೇಂದ್ರಕ್ಕೆ ಹೋಗುವುದು ಜಾಣತನ. ಒಂದೇ ಜಿಲ್ಲೆಯ ನಾಲ್ಕು ಕಾಲೇಜುಗಳು ಒಂದೇ ಬಗೆಯ ನಾಲ್ಕು ಯಂತ್ರ ಕೊಳ್ಳುವ ಬದಲು ನಾಲ್ಕು ಬಗೆಯ ಯಂತ್ರ ಕೊಂಡು ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಊರಿನ ಪ್ರಶ್ನೆ, ಊರಿನ ಸಂಶೋಧನೆ

ಪದವಿ ವಿದ್ಯಾರ್ಥಿ ಏನು ಸಂಶೋಧನೆ ಮಾಡಿಯಾನು ಎಂದು ಮೂಗೆಳೆಯುವವರಿದ್ದಾರೆ. ಪಾವಗಡ, ಕೋಲಾರದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡಿನ ಬಾಧೆಯುಂಟು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಸ್ಪ್ಯಾಂಡ್ಸ್ ಎಂಬ ಕೆಂಪು ದ್ರಾವಣದ ಬಣ್ಣ ಫ್ಲೋರೈಡ್ ಹೆಚ್ಚಿದಷ್ಟೂ ಮಾಸುತ್ತದೆ. ಯುವಿ-ವಿಸಿಬಲ್ ಉಪಕರಣದಲ್ಲಿ 570 ನ್ಯಾನೊಮೀಟರಿನಲ್ಲಿ ಅದನ್ನು ಅಳೆಯಬಹುದು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ತಮ್ಮ ಹಳ್ಳಿಯ ಹತ್ತು ಬಾವಿಗಳನ್ನು ಅಳೆದ ವಿದ್ಯಾರ್ಥಿಗಳು ಗ್ರಾಮ ಪಂಚಾಯಿತಿಯ ಮುಂದೆ ಇಡುವಂಥ ಮಾಹಿತಿಯನ್ನು ತಾವೇ ಸಿದ್ಧಪಡಿಸಿರುತ್ತಾರೆ.

ಹಾವೇರಿಯ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣವನ್ನು ವ್ಯಾಪಾರದಲ್ಲಿ ಅಳೆಯುವುದೂ ರೋಹಿತಮಾಪಕದಿಂದಲೇ. ಅಸಿಟೋನಿನಲ್ಲಿ ಬಣ್ಣವನ್ನಿಳಿಸಿ 460 ನ್ಯಾನೊಮೀಟರಿನಲ್ಲಿ ನೋಡುತ್ತಾರೆ. ಗೋಣಿಚೀಲದಲ್ಲಿಟ್ಟ ಕಾಯಿ ಎಷ್ಟು ತಿಂಗಳಲ್ಲಿ ಎಷ್ಟು ಬಣ್ಣ ಕಳೆದುಕೊಳ್ಳುತ್ತದೆ ಎಂಬುದು ರೈತನ ಮಗಳೊಬ್ಬಳು ಮನೆಯ ಫಸಲಿನಿಂದಲೇ ಮಾಡಬಹುದಾದ ಸಂಶೋಧನೆ. ಅರೇಬಿಕಾ ಕಾಫಿ ಪುಡಿಗೆ ಅಗ್ಗದ ರೊಬಸ್ಟಾ ಬೆರೆಸಿದ್ದಾರೆಯೇ ಎಂಬುದನ್ನು, ರೊಬಸ್ಟಾದಲ್ಲಿರುವ ಮೀಥೈಲ್‌ಕಫೆಸ್ಟಾಲ್ ಎಂಬ ವಸ್ತುವಿನ ಗೆರೆ ಹುಡುಕಿ, ಮೇಜಿನ ಮೇಲಿನ 60 ಮೆಗಾಹರ್ಟ್ಸಿನ ಎನ್‌ಎಂಆರ್‌ನಲ್ಲೇ ಕಂಡುಹಿಡಿಯಬಹುದೆಂದು ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ. ದೇಶದ ಕಾಫಿಯಲ್ಲಿ ಸಿಂಹಪಾಲು ಬೆಳೆಯುವ ಕರ್ನಾಟಕದ ಕಾಲೇಜುಗಳಿಗೆ ಇದಕ್ಕಿಂತ ಹತ್ತಿರದ ವಿಷಯ ಬೇಕೆ?

ಪ್ರವೇಶಕ್ಕೆ ಮುನ್ನ

ಕಾಲೇಜಿಗೆ ಸೇರಿಸುವಾಗ ಪೋಷಕರು ಶುಲ್ಕ, ಹಾಸ್ಟೆಲು, ಫಲಿತಾಂಶದ ಶೇಕಡಾವಾರು ವಿಚಾರಿಸುತ್ತಾರೆ. ಅದು ಸರಿಯೇ. ವಿಜ್ಞಾನ ಪದವಿಗೆ ಸೇರಿಸುವವರು ಪ್ರಯೋಗಾಲಯವನ್ನೂ ಒಮ್ಮೆ ನೋಡಿ ಬರಬೇಕು. ಗಾಜಿನ ಬಾಗಿಲಿನಾಚೆ ಯಂತ್ರ ತೋರಿಸಿದರೆ ತೃಪ್ತರಾಗಬಾರದು. ಅದರ ಪಕ್ಕದಲ್ಲಿ ಬಳಕೆಯ ದಾಖಲೆ ಪುಸ್ತಕ ಇದೆಯೇ ಎಂದು ಕೇಳಬೇಕು. ಕೊನೆಯ ನಮೂದು ಯಾವ ತಾರೀಖಿನದು, ಅದರಲ್ಲಿರುವುದು ವಿದ್ಯಾರ್ಥಿಗಳ ಹೆಸರುಗಳೇ, ಅಂತಿಮ ವರ್ಷದವರು ಒಬ್ಬೊಬ್ಬರೂ ಸ್ವತಃ ಎಷ್ಟು ರೋಹಿತ ತೆಗೆದಿದ್ದಾರೆ? ಆ ಪುಸ್ತಕದ ಎರಡು ಪುಟ ಕಾಲೇಜಿನ ಬಣ್ಣದ ಕೈಪಿಡಿಗಿಂತ ಹೆಚ್ಚು ಸತ್ಯ ಹೇಳುತ್ತದೆ. ಪುಸ್ತಕ ತುಂಬಿದ್ದು ಯಂತ್ರ ಹಳೆಯದಾಗಿದ್ದರೂ ಚಿಂತೆಯಿಲ್ಲ.

ಏನೂ ಇಲ್ಲದ ಕಾಲೇಜಿಗೆ ಸೇರಿದ ವಿದ್ಯಾರ್ಥಿಗಳೂ ಕೈಕಟ್ಟಿ ಕೂರಬೇಕಿಲ್ಲ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಶಿಷ್ಯವೇತನಕ್ಕೆ ಅರ್ಜಿ ಹಾಕಿ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕಲಿಯಬಹುದು. ಅದಕ್ಕೂ ಮೊದಲು, ಬೂಟಿನ ರಟ್ಟಿನ ಪೆಟ್ಟಿಗೆಗೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಎದುರಿಗೆ ಹಳೆಯ ಸಿ.ಡಿ.ಯ ಚೂರೊಂದನ್ನು ಓರೆಯಾಗಿ ಅಂಟಿಸಿ, ಮೇಲೊಂದು ಕಿಂಡಿ ಕೊರೆದರೆ ಮನೆಯಲ್ಲೇ ರೋಹಿತದರ್ಶಕ ಸಿದ್ಧ. ಟ್ಯೂಬ್‌ಲೈಟನ್ನು ಅದರಲ್ಲಿ ನೋಡಿದರೆ ಪಾದರಸದ ಹಸಿರು ಗೆರೆ ಎದ್ದು ಕಾಣುತ್ತದೆ. ಎಲ್‌ಇಡಿ ದೀಪದಲ್ಲಿ ಆ ಗೆರೆಗಳಿಲ್ಲ, ಬಣ್ಣಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬಾರದು, ಕಣ್ಣಿಗೆ ಅಪಾಯ.

ಎರಡು ದೀಪಗಳ ನಡುವೆ ಈ ವ್ಯತ್ಯಾಸವೇಕೆ ಎಂದು ಮಗು ಕೇಳಿದ ದಿನ, ತಂದೆತಾಯಿ ಉತ್ತರ ಗೊತ್ತಿಲ್ಲವೆಂದು ಹಿಂಜರಿಯಬೇಕಿಲ್ಲ. ಪೆಟ್ಟಿಗೆಯನ್ನು ಇನ್ನೊಂದು ದೀಪದತ್ತ ಹಿಡಿದು ಮತ್ತೆ ನೋಡಲು ಹೇಳಿದರೆ ಸಾಕು.